ಎಳನೀರು ತರುವವರಿಗೆ ಒಂದು ಮಾತು

‘ಮನಸ್ಸು ಒಳ್ಳೆಯದಿದ್ದರೆ ಸಾಕು’ ಎಂಬ ಮಾತನ್ನು ನಮ್ಮವರು ಬಹು ಸುಲಭವಾಗಿ ಆಡುತ್ತಾರೆ. ಮೂರು ವರ್ಷಗಳಿಂದ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿಯೂ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗುವ ನಾನು ಈ ಮಾತನ್ನು ಒಪ್ಪಲಾರೆ. ಒಪ್ಪಿದರೆ ಜೀವಕ್ಕೇ ಸಂಚಕಾರ. ಸಹೃದಯ ಓದುಗರು ಅವಸರಪಟ್ಟು ನನ್ನನ್ನು ಕೃತಘ್ನನೆಂದು ತೀರ್ಮಾನಿಸಬಾರದೆಂದು ಕೋರುತ್ತೇನೆ.

ಎಳನೀರನ್ನೇ ತೆಗೆದುಕೊಳ್ಳಿ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ನಾಡಿನ ರೂಢಿ. ಎಳನೀರು, ಬಾಳೆಹಣ್ಣು, ಕಿತ್ತಳೆ ಇವು ನಮ್ಮ ಅನುಕಂಪದ ಮುದ್ರೆಗಳು. ಆರೋಗ್ಯವಂತರ ಮೂತ್ರಪಿಂಡ ಹೆಚ್ಚುವರಿ ಪೊಟ್ಯಾಸಿಯಮ್ಮನ್ನು ಹೊರಹಾಕುತ್ತದೆ, ನನ್ನದು ಹಾಕದು. ಒಂದು ಎಳನೀರಿನಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಮಿಗೂ ಮಿಕ್ಕಿ ಪೊಟ್ಯಾಸಿಯಂ ಇರುತ್ತದೆ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ನಿಂತುಹೋಗಬಹುದು. ಇದನ್ನು ವಿವರಿಸಿದಾಗ ಒಬ್ಬರು, ‘ಮೇಷ್ಟ್ರೇ, ದೇವರ ಅಭಿಷೇಕಕ್ಕೆ ಬಳಸುವ ವಸ್ತುವಿನಿಂದ ಕೆಡುಕಾದೀತೆ?’ ಎಂದರು. ಆದೀತು. ದೇವರಿಗೆ ಮೂತ್ರಪಿಂಡದ ಕಾಯಿಲೆಯಿಲ್ಲ.

ಬಂಧುಗಳೊಬ್ಬರು ಅಕ್ಕರೆಯಿಂದ ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣ ತಂದರು. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ನನ್ನ ಪಾಲಿಗೆ ಅದು ಮಾಮೂಲಿ ಉಪ್ಪಿಗಿಂತಲೂ ಕೇಡು. ಮತ್ತೊಬ್ಬರು ಮೆಟ್ಟಿಲು ಹತ್ತಿಸಲೆಂದು ನನ್ನ ಎಡಗೈಯನ್ನೇ ಬಿಗಿಯಾಗಿ ಹಿಡಿದರು. ಆ ಕೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿದ ಫಿಸ್ಟುಲಾ ಇದೆ; ಅಲ್ಲಿ ರಕ್ತದೊತ್ತಡವನ್ನೂ ಅಳೆಯಬಾರದು, ಭಾರವನ್ನೂ ಹೊರಬಾರದು.

ಇವರಾರೂ ಅವಿದ್ಯಾವಂತರಲ್ಲವೆಂಬುದು ವಿಚಿತ್ರ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನೆಫ್ರಾನಿನ ಅಂದವಾದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ಣಾಂಕ ಪಡೆದವರೇ ಎಳನೀರು ಹಿಡಿದು ಬರುತ್ತಾರೆ.

‘ಪ್ರೀತಿಯಿಂದ ಕೊಡುವವರಿಗೆ ಪರೀಕ್ಷೆ ಇಡುತ್ತೀರಾ?’ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಪರೀಕ್ಷೆ ಬೇಡ, ಒಂದು ಪ್ರಶ್ನೆ ಕೇಳಿದರೆ ಸಾಕು: ‘ನಿಮಗೆ ಇದು ಆಗುತ್ತದೆಯೇ?’ ಅಷ್ಟನ್ನೂ ಕೇಳದೆ ಕೊಟ್ಟು, ನಾನು ಬೇಡವೆಂದಾಗ ನೊಂದುಕೊಂಡು, ಕೊನೆಗೆ ರೋಗಿಯೇ ಸಮಾಧಾನ ಹೇಳಬೇಕಾಗುವ ಕರುಣೆ ಯಾರ ತೃಪ್ತಿಗಾಗಿ? ನಿಲ್ಲಲೂ ತ್ರಾಣವಿಲ್ಲದ ಸಂಜೆಗಳಲ್ಲಿ ನಾನು ಅತಿಥಿಗಳನ್ನು ಸಂತೈಸಿದ್ದೇನೆ.

ಮರುಕವನ್ನು ನಾನು ಹೀಗಳೆಯುತ್ತಿಲ್ಲ. ನನ್ನನ್ನು ಬದುಕಿಸಿರುವ ಈ ಯಂತ್ರದ ಹಿಂದೆಯೂ ಅದೇ ಇದೆ. 1938ರಲ್ಲಿ ಹಾಲೆಂಡಿನ ಯುವ ವೈದ್ಯ ವಿಲೆಮ್ ಕೋಲ್ಫ್ ಅವರ ಕಣ್ಣೆದುರೇ ಮೂತ್ರಪಿಂಡ ವಿಫಲವಾಗಿ ತರುಣನೊಬ್ಬ ತೀರಿಕೊಂಡ. ಆತನ ರಕ್ತದಿಂದ ದಿನಕ್ಕೆಷ್ಟು ಯೂರಿಯಾ ತೆಗೆಯಬಲ್ಲೆವಾಗಿದ್ದರೆ ಅವನು ಉಳಿಯುತ್ತಿದ್ದ ಎಂದು ಕೋಲ್ಫ್ ಲೆಕ್ಕ ಹಾಕತೊಡಗಿದರು. ನಾಜಿಗಳು ದೇಶವನ್ನು ಆಕ್ರಮಿಸಿದ್ದ ಕಾಲದಲ್ಲೇ, 1943ರಲ್ಲಿ, ಸಾಸೇಜಿಗೆ ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡ ಕಟ್ಟಿದರು. ಮೊದಲ ರೋಗಿಗಳು ಉಳಿಯಲಿಲ್ಲ. ಆದರೂ ಅವರು ಬಿಡಲಿಲ್ಲ. 1945ರಲ್ಲಿ ಒಬ್ಬ ಹೆಂಗಸು ಬದುಕಿದಳು. ಮರುಕದ ಜೊತೆಗೆ ಲೆಕ್ಕವೂ ಇತ್ತು, ನೋಡಿ.

ಅಂಥ ಲೆಕ್ಕ ಬಲ್ಲವರು ನಮ್ಮ ಬೀದಿಯಲ್ಲಿಯೂ ಇದ್ದಾರೆ. ಪಕ್ಕದ ಮನೆಯ ತಾಯಿ, ‘ಇವತ್ತು ನಿಮ್ಮ ಪಾಲಿನ ನೀರು ಎಷ್ಟು ಉಳಿದಿದೆ ಮೇಷ್ಟ್ರೇ?’ ಎಂದು ಕೇಳಿಯೇ ಅತಿ ಚಿಕ್ಕ ಲೋಟದಲ್ಲಿ ಕಾಫಿ ತರುತ್ತಾರೆ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಕೆಂದು ಆಕೆ ನನ್ನ ಹೆಂಡತಿಯಿಂದ ಕೇಳಿ ತಿಳಿದರು. ನಮಗೆಂದು ಪಲ್ಯ ಕಳಿಸುವ ದಿನ ಹಾಗೆಯೇ ಮಾಡುತ್ತಾರೆ. ಆಟೋ ಓಡಿಸುವ ಹುಡುಗ ಸೋಮ, ಬುಧ, ಶುಕ್ರವಾರ ಬೆಳಗಿನ ಐದೂವರೆಗೆ ಗೇಟಿನ ಬಳಿ ನಿಂತಿರುತ್ತಾನೆ. ಹಾರ್ನ್ ಒತ್ತುವುದಿಲ್ಲ. ನನ್ನ ಬಲಗೈಯನ್ನು ಮಾತ್ರ ಹಿಡಿಯುತ್ತಾನೆ. ಹೋಗುವಾಗ ರಾಜಕೀಯವೆಲ್ಲ ಮಾತಾಡುತ್ತಾನೆ; ಹಿಂದಿರುಗುವಾಗ ನನಗೆ ಮಾತು ಬೇಡವೆಂದು ಬಲ್ಲನಾದ್ದರಿಂದ ಸುಮ್ಮನೆ ಓಡಿಸುತ್ತಾನೆ, ಗುಂಡಿಗಳನ್ನು ತಪ್ಪಿಸಿ. ಈ ಮೂರು ವರ್ಷಗಳಲ್ಲಿ ಆತ ನನಗೆ ಒಂದು ಹಣ್ಣನ್ನೂ ತಂದುಕೊಟ್ಟಿಲ್ಲ.