ಮನಸ್ಸಿನ ಆರೈಕೆ ಭೋಗವೆ?

ಯಂತ್ರಕ್ಕೆ ಆಗಾಗ ಎಣ್ಣೆ ಬೇಕು, ಬಿಡುವು ಬೇಕು ಎಂಬುದನ್ನು ಯಾರೂ ಅಲ್ಲಗಳೆಯರು. ಬೇರಿಂಗು ಕಾದಿತೆಂದು ಸಿರುಗುಪ್ಪದ ಅಕ್ಕಿ ಗಿರಣಿಯ ಯಜಮಾನನು ಮೋಟಾರನ್ನು ನಿಲ್ಲಿಸಿದರೆ ಅವನನ್ನು ಸೋಮಾರಿಯೆಂದು ಜರೆಯುವವರಿಲ್ಲ, ಜಾಣನೆಂದೇ ಹೊಗಳುವರು. ಆದರೆ ಅದೇ ಗಿರಣಿಯ ಕೂಲಿಕಾರನಾಗಲಿ, ಅವನ ಮಗನಿಗೆ ಪಾಠ ಹೇಳುವ ಅಧ್ಯಾಪಕನಾಗಲಿ, ತನ್ನ ಮನಸ್ಸು ದಣಿದಿದೆ, ಕೊಂಚ ವಿರಾಮ ಬೇಕು ಎಂದರೆ ಅದನ್ನು ಮೈಗಳ್ಳತನವೆಂದೋ ಉಳ್ಳವರ ಭೋಗವೆಂದೋ ಎಣಿಸುವುದು ನಮ್ಮ ರೂಢಿ. ಈ ಎಣಿಕೆ ಸರಿಯೆ?

ಈ ಪ್ರಶ್ನೆಯನ್ನು ಕೇಳಲು ಬಳ್ಳಾರಿ ಜಿಲ್ಲೆಯವರಿಗೆ ವಿಶೇಷವಾದ ಅಧಿಕಾರವುಂಟು. ೧೯೮೨ರಲ್ಲಿ ನಮ್ಮ ದೇಶವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಮನೋವೈದ್ಯರು ಬೆರಳೆಣಿಕೆಯಷ್ಟು, ಹಳ್ಳಿಗಳು ಲಕ್ಷಗಟ್ಟಲೆ. ಹೀಗಿರುವಾಗ ಕಾರ್ಯಕ್ರಮವು ಹಳ್ಳಿಯನ್ನು ಮುಟ್ಟುವ ಬಗೆ ಯಾವುದು? ಉತ್ತರವನ್ನು ಹುಡುಕಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ೧೯೮೫ರಿಂದ ೧೯೯೦ರವರೆಗೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿಯನ್ನು ಕೊಟ್ಟು, ಮನೋರೋಗಗಳನ್ನು ಊರಿನ ಹತ್ತಿರದಲ್ಲಿಯೇ ಗುರುತಿಸಿ, ಕೆಲವೇ ಅವಶ್ಯಕ ಔಷಧಿಗಳಿಂದ ಚಿಕಿತ್ಸೆ ಮಾಡಬಹುದೆಂಬುದನ್ನು ತೋರಿಸಲಾಯಿತು. ೧೯೯೬ರಲ್ಲಿ ದೇಶದ ಇತರೆಡೆ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾದದ್ದು ಈ 'ಬಳ್ಳಾರಿ ಮಾದರಿ'ಯೇ. ಬಿಸಿಲಿಗೂ ಗಣಿಗೂ ಹೆಸರಾದ ನಾಡು ಇದಕ್ಕೂ ಹೆಸರಾಗಿದೆಯೆಂಬುದು ನಮ್ಮಲ್ಲಿಯೇ ಅನೇಕರಿಗೆ ತಿಳಿಯದು.

ಆದರೆ ಅದು ಕಾಯಿಲೆಯ ಮಾತಾಯಿತು. ಕಾಯಿಲೆಗೂ ಸ್ವಾಸ್ಥ್ಯಕ್ಕೂ ನಡುವೆ ವಿಸ್ತಾರವಾದ ಒಂದು ಬಯಲಿದೆ. ನಮ್ಮಲ್ಲಿ ಬಹುಮಂದಿ ದಿನ ಕಳೆಯುವುದು ಅಲ್ಲಿಯೇ. ರೋಗವಿಲ್ಲ, ಆದರೆ ಉಲ್ಲಾಸವೂ ಇಲ್ಲ. ಕೆಲಸ ಸಾಗುತ್ತದೆ, ಹೊಸತೊಂದು ಹೊಳೆಯುವುದಿಲ್ಲ. ಈ ಸ್ಥಿತಿಗೆ ಮದ್ದು ವೈದ್ಯರ ಬಳಿಯಲ್ಲಿಲ್ಲ. ಅದು ನಮ್ಮ ದಿನಚರಿಯಲ್ಲಿದೆ.

ಮೊದಲನೆಯದು ನಿದ್ರೆ. ಜರ್ಮನಿಯ ಲ್ಯೂಬೆಕ್ ನಗರದ ವಿಜ್ಞಾನಿಗಳು ೨೦೦೪ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಂಕಿಗಳ ಒಂದು ಒಗಟನ್ನು ಕೆಲವರಿಗೆ ಕೊಟ್ಟರು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಬಹುದು. ಆದರೆ ಒಳಗೆ ಅಡಗಿದ ನಿಯಮವೊಂದು ಹೊಳೆದರೆ ಉತ್ತರ ಕ್ಷಣದಲ್ಲಿ ದೊರೆಯುವುದು. ನಡುವೆ ಎಂಟು ಗಂಟೆ ಮಲಗಿದ್ದವರಲ್ಲಿ ನೂರಕ್ಕೆ ಸುಮಾರು ೬೦ ಮಂದಿಗೆ ಆ ನಿಯಮ ಹೊಳೆಯಿತು. ಅಷ್ಟೇ ಕಾಲ ಎಚ್ಚರವಿದ್ದವರಲ್ಲಿ ನೂರಕ್ಕೆ ಸುಮಾರು ೨೩ ಮಂದಿಗೆ ಮಾತ್ರ. ಪ್ರಯೋಗ ಚಿಕ್ಕದು, ನಿಜ. ಆದರೂ ಮಲಗಿದ ಮಿದುಳು ಸುಮ್ಮನಿರದೆ ಹಗಲಿನ ಅನುಭವಗಳನ್ನು ಅಡಕಮಾಡಿ ಜೋಡಿಸುತ್ತಿರುವುದೆಂಬುದನ್ನು ಇತರ ಅನೇಕ ಸಂಶೋಧನೆಗಳೂ ಪುಷ್ಟೀಕರಿಸಿವೆ. ನಿದ್ರೆಗೆಟ್ಟವನ ಮಿದುಳಿನಲ್ಲಿ ಭಯಕ್ಕೂ ಸಿಟ್ಟಿಗೂ ಸಂಬಂಧಿಸಿದ ಭಾಗವು ಅತಿಯಾಗಿ ಕೆರಳುವುದು. ವಿವೇಕದ ಭಾಗಕ್ಕೆ ಅದರ ಮೇಲಿನ ಹಿಡಿತ ಸಡಿಲುವುದು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದುವ ವಿದ್ಯಾರ್ಥಿಯು ತಾನು ಗಳಿಸುತ್ತಿರುವೆನೆಂದು ಭಾವಿಸುತ್ತಾನೆ. ವಾಸ್ತವವಾಗಿ ಗಳಿಸಿದ್ದನ್ನು ಚೆಲ್ಲುತ್ತಿರುತ್ತಾನೆ.

ನಮ್ಮ ಸೀಮೆಯಲ್ಲಿ ನಿದ್ರೆಗೆ ಇನ್ನೊಬ್ಬ ಶತ್ರುವುಂಟು: ಸೆಕೆ. ನಿದ್ರೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ಕೊಂಚ ಇಳಿಯಬೇಕು. ಇಳಿಯಬೇಕಾದರೆ ಚರ್ಮದಿಂದ ಶಾಖ ಹೊರಹೋಗಬೇಕು. ಬಳ್ಳಾರಿಯ ಬೆಟ್ಟದ ಬುಡದಲ್ಲಿಯೂ ಕುರುಗೋಡಿನ ಗುಡ್ಡಗಳ ಸೆರಗಿನಲ್ಲಿಯೂ ಇರುವ ಬಂಡೆಗಳು ಹಗಲೆಲ್ಲ ಹೀರಿದ ಶಾಖವನ್ನು ಇರುಳಿನಲ್ಲಿ ನಿಧಾನವಾಗಿ ಹೊರಸೂಸುತ್ತಿರುತ್ತವೆ. ಕಾಂಕ್ರೀಟಿನ ತಾರಸಿ ಮಾಡುವುದೂ ಇದನ್ನೇ. ದಪ್ಪ ಮಣ್ಣಿನ ಮಾಳಿಗೆ ಮನೆ ಕಟ್ಟಿ, ಬೇಸಗೆಯಲ್ಲಿ ಮಾಳಿಗೆಯ ಮೇಲೆ ಬಯಲಿಗೆ ಮೈಯೊಡ್ಡಿ ಮಲಗುತ್ತಿದ್ದ ಹಿರಿಯರು ಭೌತವಿಜ್ಞಾನವನ್ನು ಓದಿರಲಿಲ್ಲ. ಆದರೆ ಅದರಂತೆ ನಡೆದಿದ್ದರು.

ಎರಡನೆಯದು ಬಿಡುವು. ಶಕ್ತಿಯ ನಿತ್ಯತೆಯ ನಿಯಮಕ್ಕೆ ಖ್ಯಾತನಾದ ಹೆಲ್ಮ್‌ಹೋಲ್ಟ್ಸ್, ೧೮೯೧ರಲ್ಲಿ ತನ್ನ ಎಪ್ಪತ್ತನೆಯ ಹುಟ್ಟುಹಬ್ಬದ ಭಾಷಣದಲ್ಲಿ, ತನಗೆ ಒಳ್ಳೆಯ ವಿಚಾರಗಳು ಹೊಳೆದದ್ದು ಮೇಜಿನ ಮುಂದೆ ದಣಿದಿದ್ದಾಗಲ್ಲ, ಬಿಸಿಲಿನ ದಿನ ಕಾಡುಗುಡ್ಡಗಳನ್ನು ನಿಧಾನವಾಗಿ ಏರುತ್ತಿದ್ದಾಗ ಎಂದು ತಿಳಿಸಿದನು. ನಮ್ಮ ಸರ್ ಸಿ. ವಿ. ರಾಮನ್ನರು ೧೯೨೧ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ವಿಸ್ಮಿತರಾದರು. ಆ ವಿಸ್ಮಯದ ಎಳೆಯೇ ೧೯೨೮ರ ರಾಮನ್ ಪರಿಣಾಮದವರೆಗೆ ಸಾಗಿತು. ಆದರೆ ಇಬ್ಬರೂ ಮೊದಲು ವರ್ಷಗಟ್ಟಲೆ ದುಡಿದವರೆಂಬುದನ್ನು ಮರೆಯಬಾರದು. ಬಿಡುವು ಬೀಜವಲ್ಲ, ನೆಲದ ಹದ. ಬಿತ್ತದವನಿಗೆ ಹದವಿದ್ದೂ ಫಲವಿಲ್ಲ.

ಬಳ್ಳಾರಿಗೆ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಜನರು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ಹೇರಳವಾಗಿ ತಯಾರಿಸುತ್ತಿದ್ದರು. ಅದೇ ಶಿಲೆಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಘಂಟಾನಾದ ಹೊರಡುತ್ತದೆ. ಆಗಿನವರು ತಟ್ಟಿ ತಟ್ಟಿ ಮೂಡಿದ ಕುಳಿಗಳು ಈಗಲೂ ಅವುಗಳ ಮೇಲಿವೆ. ಸುತ್ತಲಿನ ಕಲ್ಲುಗಳಲ್ಲಿ ದನಗಳ, ಮನುಷ್ಯರ ಕೊರೆಚಿತ್ರಗಳಿವೆ. ದುಡಿಮೆಯ ಕಲ್ಲಿನಲ್ಲಿಯೇ ನಾದವನ್ನು ಕಂಡವರು ಅವರು. ಇಂತಹ ಬಂಡೆ ನುಡಿಯುವುದಾದರೂ ಏತಕ್ಕೆ? ಅದು ಕೆಲವೇ ಬಿಂದುಗಳ ಮೇಲೆ ಹಗುರಾಗಿ ನಿಂತಿದ್ದು, ಕಂಪಿಸಲು ಅದಕ್ಕೆ ಅವಕಾಶವಿರುವುದರಿಂದ. ಅದೇ ಬಂಡೆ ನೆಲದಲ್ಲಿ ಹೂತಿದ್ದರೆ ಮೂಕವಾಗುವುದು. ಎಲ್ಲ ಕಡೆಯಿಂದಲೂ ಅದುಮಿಟ್ಟ ಮನಸ್ಸಿನಿಂದ ನಾದವನ್ನು ನಿರೀಕ್ಷಿಸುವುದು ನ್ಯಾಯವೆ?

ಮೂರನೆಯದು ಅಭಿವ್ಯಕ್ತಿ. ೧೯೮೬ರಲ್ಲಿ ಅಮೆರಿಕದ ಪೆನ್ನಬೇಕರ್ ಮತ್ತು ಬೀಲ್ ಎಂಬ ಮನೋವಿಜ್ಞಾನಿಗಳು, ಮನಸ್ಸಿನ ನೋವನ್ನು ನಾಲ್ಕು ದಿನ ಹದಿನೈದು ನಿಮಿಷಗಳಂತೆ ಬರೆದಿಟ್ಟ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಕಡಿಮೆ ಹೋದರೆಂದು ವರದಿ ಮಾಡಿದರು. ಪರಿಣಾಮವು ಭಾರಿಯಾದುದಲ್ಲವೆಂದು ಅನಂತರದ ಅಧ್ಯಯನಗಳು ತಿಳಿಸಿದರೂ, ಖರ್ಚಿಲ್ಲದ ಈ ಉಪಾಯವನ್ನು ತಳ್ಳಿಹಾಕಬೇಕಾಗಿಲ್ಲ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಕಟ್ಟಿ ರಾತ್ರಿಯೆಲ್ಲ ಕುಣಿದವರು ವೃತ್ತಿಯ ನಟರಲ್ಲ, ಒಕ್ಕಲಿಗರು. ರಂಗಭೂಮಿಯಲ್ಲಿ ದೇಶವಿಖ್ಯಾತರಾದ ಬಳ್ಳಾರಿ ರಾಘವರು (೧೮೮೦–೧೯೪೬) ಹಗಲು ವಕೀಲರಾಗಿದ್ದವರು. ಬಿಡುವೆಂದರೆ ಸುಮ್ಮನೆ ಬಿದ್ದುಕೊಳ್ಳುವುದಲ್ಲ. ಮೊಬೈಲಿನ ಪರದೆಯನ್ನು ನಡುರಾತ್ರಿಯವರೆಗೆ ತೀಡುವುದಂತೂ ಅಲ್ಲವೇ ಅಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಬರಲೇಬೇಕು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ತುಂಡಿಗಿಷ್ಟೆಂದು ಹೊಲಿಯುವ ಹೆಣ್ಣುಮಗಳಿಗೆ, ಅಲ್ಲಿಂದ ಹೋಗಿ ಮನೆಯ ಒಲೆಯನ್ನೂ ಹೊತ್ತಿಸಬೇಕಾದವಳಿಗೆ, ಬಿಡುವಿನ ಉಪದೇಶ ಹಾಸ್ಯವಲ್ಲವೆ? ಅಹುದು. ಆದುದರಿಂದಲೇ ಮನಸ್ಸಿನ ಆರೈಕೆಯನ್ನು ಕೇವಲ ವ್ಯಕ್ತಿಯ ಕರ್ತವ್ಯವೆಂದು ಹೇಳಿ ಕೈತೊಳೆದುಕೊಳ್ಳುವುದು ತಪ್ಪೆಂದು ನನ್ನ ಅಭಿಪ್ರಾಯ. ಬಿಡುವನ್ನು ಹಂಚುವುದು ಸಮಾಜದ ಹೊಣೆ. ಒಬ್ಬರ ದುಡಿಮೆಯಿಂದ ಇನ್ನೊಬ್ಬರ ಬಿಡುವು ಹುಟ್ಟುವ ಮನೆಗಳಲ್ಲಿ ಒಲೆಯ ಕೆಲಸವನ್ನು ಗಂಡಸರೂ ಹಂಚಿಕೊಳ್ಳಲಿ. ನಸುಕಿನ ಐದು ಗಂಟೆಗೆ ಮೊದಲಾಗಿ ರಾತ್ರಿ ಹತ್ತಕ್ಕೆ ಮುಗಿಯುವ ಪಾಠಗಳನ್ನು ವಿದ್ಯಾಸಂಸ್ಥೆಗಳು ನಿಲ್ಲಿಸಲಿ. ಹದಿಹರೆಯದವರಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕೆಂಬುದು ವೈದ್ಯರೊಪ್ಪಿದ ಮಾತು. ವಾರ್ಡಿಗೊಂದು ನೆರಳಿನ ತೋಟ, ಸಂಜೆ ತೆರೆದಿರುವ ವಾಚನಾಲಯ, ಇವು ಅಲಂಕಾರಗಳಲ್ಲ, ಆರೋಗ್ಯದ ಸಾಧನಗಳು.

ಕೊನೆಗೊಂದು ಎಚ್ಚರಿಕೆ. ನಿದ್ರೆ, ನಡಿಗೆ, ಹಾಡುಗಳಿಂದ ಎಲ್ಲವೂ ಗುಣವಾಗದು. ಎರಡು ವಾರಗಳಾದರೂ ಖಿನ್ನತೆ ಬಿಡದಿದ್ದರೆ, ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಜ್ವರಕ್ಕೆ ಆಸ್ಪತ್ರೆಗೆ ಹೋಗಲು ನಾಚದ ನಾವು ಇದಕ್ಕೇಕೆ ನಾಚಬೇಕು? ಮನಸ್ಸಿನ ಕಾಯಿಲೆಗೆ ಹಳ್ಳಿಯ ದವಾಖಾನೆಯಲ್ಲಿಯೇ ಮದ್ದು ದೊರೆಯಬಲ್ಲುದೆಂದು ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆಯು, ಕಾಯಿಲೆ ಬಾರದಂತೆ ಬಾಳುವ ಬಗೆಯನ್ನೂ ತೋರಿಸಿಕೊಡಲಿ.