ಯಜಮಾನರ ಸಾಲ, ನಿಮ್ಮ ಒಡವೆ

ಜಾಲಹಳ್ಳಿ ಕಡೆಯ ಎಷ್ಟೋ ಮನೆಗಳ ಸಂಸಾರ ನಡೆಯುವುದು ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಿಂದ. ಆರ್ಡರ್ ನಿಂತು, ಬಿಲ್ ಬಾಕಿ ಉಳಿದರೆ ಸಾಲ ಏರುತ್ತದೆ. ಕೊನೆಗೆ ಯಜಮಾನರು ದಿವಾಳಿ ಅರ್ಜಿಯ ಮಾತೆತ್ತುತ್ತಾರೆ. ಆಗ ನಿಮಗೆ ಎದೆ ಧಸಕ್ಕೆನ್ನುತ್ತದೆ: ‘ತವರಿನವರು ಕೊಟ್ಟ ಒಡವೇನೂ ಹೋಗಿಬಿಡುತ್ತಾ?’

ಹೆದರಬೇಡಿ. ಹೆಂಡತಿ ಎಂಬ ಒಂದೇ ಕಾರಣಕ್ಕೆ ಗಂಡನ ಸಾಲಕ್ಕೆ ನೀವು ಹೊಣೆಯಲ್ಲ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ನಿಮಗೆ ಉಡುಗೊರೆಯಾಗಿ ಬಂದದ್ದು ಸ್ತ್ರೀಧನ, ಅದು ನಿಮ್ಮೊಬ್ಬರದೇ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಕೇರಳದ ಮಹಿಳೆಯೊಬ್ಬರು ತಮ್ಮ 89 ಪವನ್, ಅಂದರೆ 712 ಗ್ರಾಂ ಚಿನ್ನ ಗಂಡ ಮತ್ತು ಅತ್ತೆಯ ಹಳೇ ಸಾಲಕ್ಕೆ ಕರಗಿತೆಂದು ದೂರಿದ್ದರು. ಕಷ್ಟಕಾಲದಲ್ಲಿ ಗಂಡ ಸ್ತ್ರೀಧನ ಬಳಸಿದರೂ ಹಿಂದಿರುಗಿಸುವ ನೈತಿಕ ಹೊಣೆ ಅವನದೇ ಎಂದ ಕೋರ್ಟ್, 25 ಲಕ್ಷ ರೂಪಾಯಿ ಕೊಡಿಸಿತು. ಇನ್ನು ಅಗತ್ಯದ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿಯನ್ನು ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅದಕ್ಕೆ ರಕ್ಷಣೆ ಕೊಟ್ಟಿದೆ.

ಹಾಗಾದರೆ ಅಪಾಯ ಎಲ್ಲಿದೆ? ನಿಮ್ಮ ಸಹಿಯಲ್ಲಿ! ‘ಬ್ಯಾಂಕಿನವರು ಕೇಳ್ತಿದ್ದಾರೆ, ಇಲ್ಲೊಂದು ಸೈನ್ ಹಾಕು’ ಎಂದಾಗ ಓದದೆ ಹಾಕಿದಿರೋ, ನೀವೂ ಜಾಮೀನುದಾರರು ಅಥವಾ ಪಾಲುದಾರರು. ಆಗ ನಿಮ್ಮ ಸ್ವಂತ ಆಸ್ತಿಗೂ ಕೈ ಬರುತ್ತದೆ. ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮೇಲೆಯೇ ದಿವಾಳಿ ಪ್ರಕ್ರಿಯೆ ಹೂಡಲು 2019ರ ಡಿಸೆಂಬರ್‌ನಿಂದ ಅವಕಾಶವಿದೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೀವೇ ಗಿರವಿ ಇಟ್ಟುಕೊಟ್ಟ ಒಡವೆಯ ಮೇಲೂ ಸಾಲ ಕೊಟ್ಟವರಿಗೆ ಹಕ್ಕಿದೆ.

ಇನ್ನೊಂದು ತಪ್ಪು, ಸಾಲ ಕುತ್ತಿಗೆಗೆ ಬಂದ ಮೇಲೆ ಮನೆಯನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳುವುದು. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಮಾಡಿದ ಇಂಥ ದಾನಪತ್ರವನ್ನು ಕೋರ್ಟ್ ರದ್ದುಪಡಿಸಬಹುದು.

ಈಗಲೇ ಇಷ್ಟು ಮಾಡಿಡಿ. ಒಡವೆಗಳ ಪಟ್ಟಿ ಬರೆದು ಬಿಲ್ಲು, ಮದುವೆ ಫೋಟೊಗಳ ಜೊತೆ ಜೋಪಾನ ಮಾಡಿ. ನಿಮ್ಮ ದುಡಿಮೆ, ತವರಿನ ಹಣ ನಿಮ್ಮೊಬ್ಬರ ಖಾತೆಯಲ್ಲಿರಲಿ. ಯಜಮಾನರು ಹೊಸದಾಗಿ ಜೀವವಿಮೆ ಮಾಡಿಸುವುದಾದರೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಲು ಹೇಳಿ. ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶವಿಲ್ಲದಿದ್ದರೆ ಆ ಹಣ ಹೆಂಡತಿ ಮಕ್ಕಳಿಗೇ ಸೇರುತ್ತದೆ. ಅಮೀನರು ನಿಮ್ಮ ವಸ್ತುವನ್ನೇ ಜಪ್ತಿ ಮಾಡಿದರೆ ಅದೇ ಕೋರ್ಟಿನಲ್ಲಿ ತಕ್ಷಣ ತಕರಾರು ಅರ್ಜಿ ಹಾಕಿ.

ಕಷ್ಟದಲ್ಲಿರುವ ಗಂಡನಿಗೆ ಒಡವೆ ಕೊಡುವುದು, ಬಿಡುವುದು ನಿಮ್ಮಿಷ್ಟ. ಕೊಡುವುದಾದರೆ ತಿಳಿದು ಕೊಡಿ, ಒಂದು ಚೀಟಿ ಬರೆಸಿಕೊಂಡು ಕೊಡಿ. ಅದು ಅಪನಂಬಿಕೆಯಲ್ಲ, ಮನೆಯಲ್ಲಿ ಒಬ್ಬರಾದರೂ ನಿಂತ ನೆಲ ಗಟ್ಟಿಯಿರಬೇಕಲ್ಲ!