ಹಬ್ಬಕ್ಕೆ ಸಿಗುವ ಹಾರ್ಮೋನು ರೋಗಕ್ಕೇಕೆ ಸಿಗದು?

ಶ್ರಾವಣ ಬಂತೆಂದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಒಂದು ಮಾತ್ರೆ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ತಾಯಿಯೊಬ್ಬಳು ಬಂದು, ದನಿ ತಗ್ಗಿಸಿ, ‘ಡೇಟ್ ಮುಂದಕ್ಕೆ ಹೋಗೋ ಮಾತ್ರೆ ಕೊಡಿ’ ಎನ್ನುತ್ತಾಳೆ. ಅಂಗಡಿಯವನು ಸ್ಟ್ರಿಪ್ಪಿನಿಂದ ಬೇಕಾದಷ್ಟು ಕತ್ತರಿಸಿ, ಕಾಗದದ ಕವರಿಗೆ ಹಾಕಿ, ‘ದಿನಕ್ಕೆ ಮೂರು’ ಎಂದು ಕೈಗಿಡುತ್ತಾನೆ. ಮಾತ್ರೆ ಯಾರಿಗೆ, ವಯಸ್ಸೆಷ್ಟು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದುಂಟೇ ಎಂದು ಯಾರೂ ಕೇಳುವುದಿಲ್ಲ. ಕತ್ತರಿಸಿದ ತುಂಡಿನಲ್ಲಿ ಎಷ್ಟೋ ಸಲ ಔಷಧದ ಹೆಸರೂ ಉಳಿದಿರುವುದಿಲ್ಲ.

ಹೀಗೆ ಮಾರಾಟವಾಗುವುದು ಸಾಮಾನ್ಯವಾಗಿ ನಾರೆಥಿಸ್ಟೆರಾನ್. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. 2025ರ ಆಗಸ್ಟ್‌ನಲ್ಲಿ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರು ಹೇಳಿದ ಪ್ರಸಂಗವೊಂದು ದೇಶದ ತುಂಬ ಸುದ್ದಿಯಾಯಿತು. ಮನೆಯ ಪೂಜೆಗಾಗಿ ಮುಟ್ಟು ಮುಂದೂಡಲು ಹಾರ್ಮೋನು ಮಾತ್ರೆ ನುಂಗಿದ್ದ ಹದಿನೆಂಟರ ಹುಡುಗಿಯ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಹೊಕ್ಕುಳದವರೆಗೆ ಏರಿತ್ತು. ಕೂಡಲೇ ದಾಖಲಿಸಿ ಎಂದು ವೈದ್ಯರು ಹೇಳಿದರೂ ಮನೆಯವರು ಬೆಳಗಾಗಲಿ ಎಂದರು. ಹುಡುಗಿ ಬೆಳಗು ಕಾಣಲಿಲ್ಲ.

ಸುದ್ದಿಯ ಬೆನ್ನಿಗೆ ಎರಡು ಬಣಗಳು ಹುಟ್ಟಿಕೊಂಡವು. ಹಾರ್ಮೋನು ಎಂದರೇ ವಿಷ, ಹೆಣ್ಣುಮಕ್ಕಳು ಅದರ ಹತ್ತಿರ ಸುಳಿಯಬಾರದು ಎಂದಿತು ಒಂದು ಬಣ. ಲಕ್ಷಾಂತರ ಮಂದಿ ನುಂಗುತ್ತಾರೆ, ಏನೂ ಆಗುವುದಿಲ್ಲ ಎಂದಿತು ಇನ್ನೊಂದು. ಇಬ್ಬರ ಮಾತೂ ತಪ್ಪು. ನಾರೆಥಿಸ್ಟೆರಾನ್ ಸೇರಿದ ಪ್ರೊಜೆಸ್ಟಿನ್ ಎಂಬುದು ಒಂದೇ ಔಷಧವಲ್ಲ, ಅದೊಂದು ದೊಡ್ಡ ಹಾರ್ಮೋನು ಬಳಗ. ಅದರಲ್ಲಿ ಯಾವುದು, ಎಷ್ಟು, ಯಾರಿಗೆ ಎಂದು ಕೇಳದೆ ಹೇಳುವ ತೀರ್ಪಿಗೆ ಬೆಲೆಯಿಲ್ಲ.

ನಾರೆಥಿಸ್ಟೆರಾನನ್ನೇ ನೋಡಿ. ಕೆಲವು ದೇಶಗಳಲ್ಲಿ ಇದು ಗರ್ಭನಿರೋಧಕ ಮಾತ್ರೆ, ದಿನಕ್ಕೆ 350 ಮೈಕ್ರೋಗ್ರಾಂ. ಮುಟ್ಟು ಮುಂದೂಡಲು ನುಂಗುವುದು ದಿನಕ್ಕೆ 15 ಮಿಲಿಗ್ರಾಂ, ಅಂದರೆ ನಲವತ್ತು ಪಟ್ಟಿಗೂ ಮಿಕ್ಕಿ. ಇಷ್ಟು ಪ್ರಮಾಣದಲ್ಲಿ ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಬರುವುದು ಇಲ್ಲಿಂದ. ಆರೋಗ್ಯವಂತ ಹೆಣ್ಣಿಗೆ ಕೆಲವು ದಿನದ ಮಟ್ಟಿಗೆ ಆ ಅಪಾಯ ಕಡಿಮೆಯೇ, ನಿಜ. ಆದರೆ ಹಿಂದೆ ಹೆಪ್ಪುಗಟ್ಟಿದ್ದವರಿಗೆ, ಮನೆತನದಲ್ಲಿ ಅದಿದ್ದವರಿಗೆ, ತೀರಾ ದಪ್ಪಗಿರುವವರಿಗೆ ಇದನ್ನು ಕೊಡಬಾರದು. ತೀರಾ ಬೇಕೆಂದರೆ ವೈದ್ಯರು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಮಾತ್ರೆಯತ್ತ ನೋಡುತ್ತಾರೆ. ಈ ಆಯ್ಕೆ ಕೌಂಟರಿನಾಚೆ ನಿಂತವನ ಕೆಲಸವಲ್ಲ. ಇನ್ನೊಂದು ಮಾತು, ಹೀಗೆ ನುಂಗುವ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ.

ಇದೇ ಬಳಗದ ಗರ್ಭನಿರೋಧಕ ಮಾತ್ರೆ ಡೆಸೊಜೆಸ್ಟ್ರೆಲ್ ದಿನಕ್ಕೆ 75 ಮೈಕ್ರೋಗ್ರಾಂ ಮಾತ್ರ. ಎದೆಹಾಲೂಡುವ ತಾಯಂದಿರಿಗೂ, ಬಿಪಿಯಿಂದಾಗಿ ಈಸ್ಟ್ರೋಜೆನ್ ಇರುವ ಮಾತ್ರೆ ಒಗ್ಗದವರಿಗೂ ಅದು ಒಳ್ಳೆಯ ದಾರಿ. ಹಬ್ಬದ ಮಾತ್ರೆಯ ಭಯವನ್ನು ಇದರ ಮೇಲೆ ಹೊರಿಸುವುದು ಅನ್ಯಾಯ.

ಮೂರು ತಿಂಗಳಿಗೊಮ್ಮೆ ಕೊಡುವ, ಇದೇ ಬಳಗದ ಗರ್ಭನಿರೋಧಕ ಡಿಎಂಪಿಎ ಚುಚ್ಚುಮದ್ದಿನ ಕಥೆ ಬೇರೆ. 1993ರಲ್ಲಿ ಇದಕ್ಕೆ ಭಾರತದಲ್ಲಿ ಅನುಮತಿ ಸಿಕ್ಕಿದಾಗಿನಿಂದ ಮಹಿಳಾ ಸಂಘಟನೆಗಳು ವಿರೋಧಿಸುತ್ತ ಬಂದಿವೆ. ಆದರೂ 2017ರಲ್ಲಿ ಸರ್ಕಾರ ‘ಅಂತರಾ’ ಹೆಸರಿನಲ್ಲಿ ಉಚಿತವಾಗಿ ಕೊಡಲು ಶುರುಮಾಡಿತು. ಸಂಘಟನೆಗಳ ಆತಂಕದಲ್ಲಿ ಹುರುಳಿದೆ. ಇದು ಮೂಳೆಯ ಸಾಂದ್ರತೆ ತಗ್ಗಿಸುತ್ತದೆ, ನಿಲ್ಲಿಸಿದ ಮೇಲೆ ಬಸಿರು ನಿಲ್ಲಲು ತಿಂಗಳುಗಟ್ಟಲೆ ಹಿಡಿಯುತ್ತದೆ. ವರ್ಷಕ್ಕಿಂತ ಹೆಚ್ಚು ಕಾಲ ಪಡೆದವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಮೆನಿಂಜಿಯೋಮಾ ಎಂಬ ಮಿದುಳು ಪೊರೆಯ ಗಡ್ಡೆಯ ಅಪಾಯ 5.6 ಪಟ್ಟು ಎಂದು 2024ರ ಫ್ರೆಂಚ್ ಅಧ್ಯಯನ ಹೇಳಿತು. ಗಡ್ಡೆ ಅಪರೂಪದ್ದು, ಹಾಗಾಗಿ ಚುಚ್ಚುಮದ್ದನ್ನೇ ನಿಷೇಧಿಸಿ ಎನ್ನಲಾರೆ. ಗಂಡನ ಕಣ್ತಪ್ಪಿಸಿ ಬಸಿರನ್ನು ತಡೆಯಬೇಕಾದ ಹೆಣ್ಣಿಗೆ ಇದೊಂದೇ ಆಸರೆಯಾಗಿರಬಹುದು. ಆದರೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಆದ್ದರಿಂದ ಎಲ್ಲವನ್ನೂ ಸೂಜಿಗೆ ಮುಂಚೆಯೇ ಹೇಳಬೇಕು.

ನನ್ನನ್ನು ಹೆಚ್ಚು ಕೆರಳಿಸುವುದು ಬಳಗದ ಮತ್ತೊಬ್ಬ ಸದಸ್ಯನಿಗೆ ನಾವು ಮಾಡಿದ ಅನ್ಯಾಯ. ಲೆವೊನೊರ್ಜೆಸ್ಟ್ರೆಲ್ ವಂಕಿಯನ್ನು ಗರ್ಭಕೋಶದೊಳಗೆ ಇಟ್ಟರೆ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಹಾರ್ಮೋನನ್ನು ಬೇಕಾದ ಜಾಗದಲ್ಲೇ ಜಿನುಗಿಸುತ್ತದೆ. ಬಸಿರನ್ನೂ ತಡೆಯುತ್ತದೆ, ಮುಟ್ಟಿನ ಅತಿಸ್ರಾವವನ್ನೂ ಬಹಳವಾಗಿ ತಗ್ಗಿಸುತ್ತದೆ. ಬೇಡವೆನಿಸಿದ ದಿನ ತೆಗೆಸಬಹುದು. ಮೊದಲ ತಿಂಗಳುಗಳಲ್ಲಿ ಆಗಾಗ ಕಲೆ ಕಾಣುವ ಕಿರಿಕಿರಿ ಉಂಟು. ಗರ್ಭಕೋಶದಲ್ಲಿ ದೊಡ್ಡ ಗಡ್ಡೆ ಇದ್ದವರಿಗೆಲ್ಲ ಇದು ಸಾಲದು. ಆದರೂ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಅತಿಸ್ರಾವಕ್ಕೆ ಮೊದಲು ಯೋಚಿಸಬೇಕಾದ ಚಿಕಿತ್ಸೆಯೆಂದು ಇದನ್ನೇ ಹೇಳುತ್ತದೆ. ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ‘ವಂಕಿ’ ಎಂದು ಕೈಗೆಟಕುವುದು ತಾಮ್ರದ್ದು. ಅದು ಸ್ರಾವವನ್ನು ಕಡಿಮೆ ಮಾಡುವುದಿರಲಿ, ಹೆಚ್ಚಿಸುತ್ತದೆ. ಹಾರ್ಮೋನಿನ ವಂಕಿ ಬೇಕೆಂದರೆ ಖಾಸಗಿಯಲ್ಲಿ ಸಾವಿರಾರು ರೂಪಾಯಿ ತೆರಬೇಕು.

ಆ ಹಣ ಇಲ್ಲದವರ, ಆ ಹೆಸರನ್ನೇ ಕೇಳದವರ ಪಾಡೇನು? 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬೆಳಕಿಗೆ ಬಂದದ್ದು ನೆನಪಿರಲಿ. ಹೊಟ್ಟೆನೋವು, ಬಿಳಿಮುಟ್ಟು, ಹೆಚ್ಚು ಸ್ರಾವ ಎಂದು ಹೋದ ಲಂಬಾಣಿ ತಾಂಡಾಗಳ ಹಾಗೂ ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ಒಂದು ಸ್ಕ್ಯಾನು, ‘ಕ್ಯಾನ್ಸರ್ ಆಗುತ್ತದೆ’ ಎಂಬ ಒಂದು ಹೆದರಿಕೆ, ಆಮೇಲೆ ಗರ್ಭಚೀಲಕ್ಕೆ ಕತ್ತರಿ. ಸಾಲ ಮಾಡಿ ಕೊಯ್ಯಿಸಿಕೊಂಡವರಲ್ಲಿ ನಲವತ್ತು ದಾಟದವರೇ ಬಹಳ. ಔಷಧದಿಂದ ಗುಣವಾಗುವ ತೊಂದರೆಗೆ ಚಾಕು ಹಾಕಿದ್ದನ್ನು ಚಿಕಿತ್ಸೆ ಎನ್ನಲಾಗದು. ಗರ್ಭಕೋಶ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅತಿಸ್ರಾವ ಮತ್ತು ನೋವನ್ನೇ ಕಾರಣವಾಗಿ ಹೇಳಿದ್ದಾರೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಬದಲಿ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದಿದ್ದರೆ ಆ ಮಾರ್ಗಸೂಚಿ ಕಾಗದದಲ್ಲೇ ಉಳಿಯುತ್ತದೆ.

ಹಬ್ಬಕ್ಕೆ ಅಡ್ಡಿಯಾದ ಆರೋಗ್ಯಕರ ಮುಟ್ಟಿಗೆ ನಲವತ್ತು ಪಟ್ಟು ಹಾರ್ಮೋನನ್ನು ಹೇಳುವವರು ಕೇಳುವವರಿಲ್ಲದೆ ಕೊಡುತ್ತೇವೆ. ರಕ್ತ ಸುರಿದು ಬಿಳಿಚಿಕೊಂಡು ಕೂತವಳಿಗೆ 20 ಮೈಕ್ರೋಗ್ರಾಂ ಕೊಡಲು ನಮ್ಮಲ್ಲಿ ವ್ಯವಸ್ಥೆಯಿಲ್ಲ. ಹನ್ನೆರಡನೇ ಶತಮಾನದಲ್ಲೇ ಶರಣರು ರಜಸ್ಸೂತಕವನ್ನು ತಳ್ಳಿಹಾಕಿದ ನಾಡು ಇದು. ಇಲ್ಲಿ ದೇವರ ಮನೆಗಾಗಿ ಒಬ್ಬ ಹುಡುಗಿ ತನ್ನ ರಕ್ತವನ್ನು ಅಪಾಯಕ್ಕೊಡ್ಡಬೇಕೆಂದರೆ ನನಗೆ ಸಂಕಟವಾಗುತ್ತದೆ. ಮದುವೆಗೋ ಪರೀಕ್ಷೆಗೋ ಪ್ರಯಾಣಕ್ಕೋ ತಾನಾಗಿ ಮುಂದೂಡಲು ಬಯಸುವವಳ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ಅವಳಿಗೂ ವೈದ್ಯರ ನಾಲ್ಕು ಪ್ರಶ್ನೆ ಬೇಕು.

ಔಷಧ ನಿಯಂತ್ರಣ ಇಲಾಖೆ ಶ್ರಾವಣಕ್ಕೆ ಮುಂಚೆ ಅಂಗಡಿಗಳಿಗೆ ಹೋಗಿ ಚೀಟಿಯ ಲೆಕ್ಕ ಕೇಳಲಿ. ಆರೋಗ್ಯ ಇಲಾಖೆ ಹಾರ್ಮೋನು ವಂಕಿಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಇಡಲಿ, ಹಾಕಲು ನರ್ಸುಗಳಿಗೂ ತರಬೇತಿ ಕೊಡಲಿ. ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ನನ್ನದೊಂದು ಬಿನ್ನಹ: ಮಾತ್ರೆ ನುಂಗಿದ ದಿನಗಳಲ್ಲಿ ಒಂದು ಕಾಲು ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಹೆಚ್ಚು ಹೋಗುತ್ತದೆ ಎಂದಿದ್ದಕ್ಕೆ ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ, ‘ಹಾರ್ಮೋನು ವಂಕಿ ಹಾಕಿ ನೋಡಬಾರದೇ ಡಾಕ್ಟ್ರೇ?’ ಎಂದು ಕೇಳದೆ ಸಹಿ ಹಾಕಬೇಡಿ.